ಫೋನೋ ಪ್ರೀಆಂಪ್ ಕೊಳ್ಳುವ ಮುಂಚೆ ಕಾರ್ಟ್ರಿಡ್ಜ್‌ನ ಚೀಟಿ ಓದಿ

ಫೋನೋ ಪ್ರೀಆಂಪ್ ಅಂದರೆ ಟರ್ನ್‌ಟೇಬಲ್‌ನ ಸಣ್ಣ ಸಿಗ್ನಲನ್ನು ಆಂಪ್ಲಿಫೈಯರ್‌ಗೆ ಸಾಲುವಷ್ಟು ಹಿಗ್ಗಿಸುವ ಡಬ್ಬಿ. ಯಾವುದನ್ನು ತಗೊಳ್ಳಲಿ ಎಂದು ಕೇಳುವವರು ಬಜೆಟ್ ಹೇಳುತ್ತಾರೆ, ಆಂಪ್ಲಿಫೈಯರ್ ಹೆಸರು ಹೇಳುತ್ತಾರೆ, ಸ್ಪೀಕರ್ ಹೆಸರೂ ಹೇಳುತ್ತಾರೆ. ಟೋನ್‌ಆರ್ಮ್‌ನ ತುದಿಯಲ್ಲಿ ಯಾವ ಕಾರ್ಟ್ರಿಡ್ಜ್ (ಸೂಜಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಭಾಗ) ಇದೆ ಎಂದು ಮಾತ್ರ ಹೇಳುವುದಿಲ್ಲ. ಎಲ್ಲಕ್ಕಿಂತ ಮೊದಲು ಬೇಕಾದದ್ದು ಅದೇ. ಕಾರ್ಟ್ರಿಡ್ಜ್ ಜೊತೆ ಬರುವ ಚೀಟಿಯಲ್ಲಿ ಔಟ್‌ಪುಟ್ ಎಷ್ಟು ಮಿಲಿವೋಲ್ಟ್, ಲೋಡ್ ಎಷ್ಟು ಓಮ್, ಕೆಪ್ಯಾಸಿಟೆನ್ಸ್ ಎಷ್ಟು ಪಿಕೋಫ್ಯಾರಡ್ ಎಂದು ಬರೆದಿರುತ್ತದೆ. ಈ ಅಂಕಿಗಳಿಗೆ ಹೊಂದುವ ಪ್ರೀಆಂಪ್ ಅಗ್ಗದ್ದಾದರೂ ಚೆನ್ನಾಗಿ ನುಡಿಯುತ್ತದೆ. ಹೊಂದದಿದ್ದರೆ ಅದಕ್ಕೆ ಎಷ್ಟು ದುಡ್ಡು ಸುರಿದರೂ ದನಿ ಸರಿಹೋಗುವುದಿಲ್ಲ.

ಅದಕ್ಕೂ ಮುಂಚೆ, ಹೊರಗಿನ ಪ್ರೀಆಂಪ್ ನಿಮಗೆ ಬೇಕೇ ಎಂದು ನೋಡಿಕೊಳ್ಳಿ. ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್, ಎಲ್‌ಪಿ120ಎಕ್ಸ್ ತರಹದ ಟರ್ನ್‌ಟೇಬಲ್‌ಗಳ ಒಳಗೇ ಒಂದು ಪ್ರೀಆಂಪ್ ಇದೆ. ಹಿಂಭಾಗದಲ್ಲಿ ಫೋನೋ, ಲೈನ್ ಎಂದು ಬರೆದ ಸಣ್ಣ ಸ್ವಿಚ್ ಇರುತ್ತದೆ. ಕಂಪನಿ ಕೊಟ್ಟ ಕಾರ್ಟ್ರಿಡ್ಜನ್ನೇ ಇಟ್ಟುಕೊಂಡು ಹಾಡು ಕೇಳುವವರಿಗೆ ಆ ಒಳಗಿನದೇ ಸಾಕು. ಹೊರಗಿನದನ್ನು ಜೋಡಿಸಿದ ಮೇಲೆ ಸ್ವಿಚ್ ಫೋನೋ ಕಡೆಗೆ ಇರಲೇಬೇಕು. ಲೈನ್‌ನಲ್ಲೇ ಬಿಟ್ಟರೆ ಈಕ್ವಲೈಸೇಶನ್, ಅಂದರೆ ಬೇಸ್ ಎತ್ತಿ ಟ್ರೆಬಲ್ ಇಳಿಸುವ ಕೆಲಸ, ಎರಡು ಸಲ ಆಗುತ್ತದೆ: ಬೇಸ್ ಊದಿಕೊಳ್ಳುತ್ತದೆ, ಮೇಲಿನ ಸ್ವರಗಳು ಮಂಕಾಗುತ್ತವೆ, ಇನ್‌ಪುಟ್‌ಗೆ ತಡೆಯಲಾರದಷ್ಟು ಸಿಗ್ನಲ್ ನುಗ್ಗಿ ದನಿ ಒಡೆಯುತ್ತದೆ. ಹೊಸ ಪ್ರೀಆಂಪ್ ಕೆಟ್ಟದ್ದು ಎಂದು ವಾಪಸ್ ಕಳಿಸುವ ಮುಂಚೆ ಈ ಸ್ವಿಚ್ ನೋಡಿ. ಆಂಪ್ಲಿಫೈಯರ್‌ನಲ್ಲೇ ಫೋನೋ ಇನ್‌ಪುಟ್ ಇದ್ದರೆ ಹೊರಗಿನ ಪ್ರೀಆಂಪನ್ನು ಅದಕ್ಕೆ ಚುಚ್ಚಬಾರದು, ಆಕ್ಸ್ ಅಥವಾ ಸಿಡಿ ಎಂದಿರುವಲ್ಲಿಗೆ ಕೊಡಬೇಕು. ಅಲ್ಲಿ ತಪ್ಪಿದರೂ ಇದೇ ಗತಿ.

ಅಜ್ಜನ ಕಾಲದ ಸೂಟ್‌ಕೇಸ್ ಮಾದರಿಯ ಪ್ಲೇಯರ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಅಂಥ ಹಲವು ಪ್ಲೇಯರ್‌ಗಳಲ್ಲಿ ಇರುವುದು ಸೆರಾಮಿಕ್ ಕಾರ್ಟ್ರಿಡ್ಜ್. ಅದರ ಔಟ್‌ಪುಟ್ ನೂರಾರು ಮಿಲಿವೋಲ್ಟ್, ಅದಕ್ಕೆ ಬೇಕಾದ ಲೋಡ್ ಸುಮಾರು 1 ಮೆಗಾ ಓಮ್, ಅದಕ್ಕೆ ಫೋನೋ ಈಕ್ವಲೈಸೇಶನ್ ಬೇಕಾಗಿಯೇ ಇಲ್ಲ. ಈ ಲೇಖನದ ಯಾವ ಪ್ರೀಆಂಪೂ ಅದಕ್ಕಲ್ಲ.

ಪ್ರೀಆಂಪ್ ಮಾಡುವ ಕೆಲಸ ಎರಡು. ಒಂದು, ಮಿಲಿವೋಲ್ಟ್ ಲೆಕ್ಕದ ಸಿಗ್ನಲನ್ನು ನೂರು, ಸಾವಿರ ಪಟ್ಟು ಹಿಗ್ಗಿಸುವುದು. ಇನ್ನೊಂದು, ರೆಕಾರ್ಡ್ ಕೊರೆಯುವಾಗ ಬೇಕೆಂದೇ ತಗ್ಗಿಸಿದ ಬೇಸನ್ನು ಎತ್ತಿ, ಏರಿಸಿದ ಟ್ರೆಬಲನ್ನು ಇಳಿಸುವುದು. ಬೇಸನ್ನು ಹಾಗೇ ಕೊರೆದರೆ ಗೆರೆ ಅಗಲವಾಗಿ ಒಂದು ಬದಿಯಲ್ಲಿ ಹಿಡಿಸುವ ನಿಮಿಷಗಳು ಕಡಿಮೆಯಾಗುತ್ತವೆ. ಟ್ರೆಬಲನ್ನು ಏರಿಸದಿದ್ದರೆ ವಿನೈಲ್‌ನ ಸುಯ್ ಸದ್ದು ಅದನ್ನು ನುಂಗುತ್ತದೆ. ಈ ಏರಿಳಿತಕ್ಕೆ 1954ರಿಂದ ಎಲ್ಲರೂ ಹಿಡಿದುಕೊಂಡ ಅಳತೆಯಾದ ಆರ್‌ಐಎಎ ಕರ್ವ್ ಪ್ರಕಾರ, ನುಡಿಸುವಾಗ 1,000 ಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್ 19.3 ಡೆಸಿಬೆಲ್ ಮೇಲೇಳಬೇಕು, 20,000 ಹರ್ಟ್ಸ್ 19.6 ಡೆಸಿಬೆಲ್ ಕೆಳಗಿಳಿಯಬೇಕು. ಈ ಕರ್ವನ್ನು ನಿರ್ಧರಿಸುವುದು 3180, 318 ಮತ್ತು 75 ಮೈಕ್ರೋಸೆಕೆಂಡ್‌ಗಳ ಮೂರು ಟೈಮ್ ಕಾನ್‌ಸ್ಟಂಟ್‌ಗಳು. ಅದನ್ನು ಕಟ್ಟುವ ಕೆಪ್ಯಾಸಿಟರ್‌ನ ಮೌಲ್ಯ 5 ಶೇಕಡಾ ಆಚೀಚೆಯಾದರೆ ಕರ್ವ್ ಸುಮಾರು 0.4 ಡೆಸಿಬೆಲ್‌ವರೆಗೆ ಜಾರಬಹುದು. ಆದ್ದರಿಂದ ಒಳಗೆ ಫಿಲ್ಮ್ ಕೆಪ್ಯಾಸಿಟರ್, 1 ಶೇಕಡಾ ರೆಸಿಸ್ಟರ್ ಹಾಕಿದ್ದಾರೆಯೇ ಎಂದು ನೋಡುವುದಕ್ಕೆ ಅರ್ಥವಿದೆ. ಸಿಗ್ನಲ್ ಹಿಗ್ಗಿಸುವ ಚಿಪ್ಪಾದ ಆಪ್-ಆಂಪ್ ಯಾವುದು ಹಾಕಿದ್ದಾರೆ ಎಂದು ಪುಟಗಟ್ಟಲೆ ಚರ್ಚಿಸುವುದಕ್ಕೆ ಅಷ್ಟಿಲ್ಲ. ಸ್ಪೆಸಿಫಿಕೇಶನ್‌ನಲ್ಲಿ ಆರ್‌ಐಎಎ ನಿಖರತೆ 0.5 ಡೆಸಿಬೆಲ್ ಒಳಗಿದ್ದರೆ ನಿಶ್ಚಿಂತೆಯಿಂದಿರಿ. ಈ ಅಂಕಿಯನ್ನೇ ಕೊಡದ ಕಂಪನಿಯ ಮಾಲನ್ನು ನಾನು ಯಾರಿಗೂ ಹೇಳುವುದಿಲ್ಲ.

ಗೇನ್ ಮತ್ತು ಹೆಡ್‌ರೂಂ

ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದರ ಲೆಕ್ಕ ಸುಲಭ. 40 ಡೆಸಿಬೆಲ್ ಅಂದರೆ 100 ಪಟ್ಟು, 60 ಅಂದರೆ 1,000 ಪಟ್ಟು. ನಡುವೆ ಪ್ರತಿ 6 ಡೆಸಿಬೆಲ್‌ಗೆ ಹೆಚ್ಚುಕಡಿಮೆ ದುಪ್ಪಟ್ಟು. ಪ್ರೀಆಂಪ್‌ನಿಂದ ಹೊರಬರುವಾಗ ಸಿಗ್ನಲ್ 300ರಿಂದ 600 ಮಿಲಿವೋಲ್ಟ್ ಇದ್ದರೆ ಹದ. ಆರ್ಟೋಫೋನ್ 2ಎಂ ರೆಡ್ ಎಂಬ ಮೂವಿಂಗ್ ಮ್ಯಾಗ್ನೆಟ್ (ಎಂಎಂ) ಕಾರ್ಟ್ರಿಡ್ಜ್ ಕೊಡುವುದು 5.5 ಮಿಲಿವೋಲ್ಟ್, 40 ಡೆಸಿಬೆಲ್ ಪ್ರೀಆಂಪ್‌ನಲ್ಲಿ ಅದು 550 ಆಗುತ್ತದೆ, ಸರಿಹೋಯಿತು. ಡೆನಾನ್ ಡಿಎಲ್-103 ಎಂಬ ಮೂವಿಂಗ್ ಕಾಯಿಲ್ (ಎಂಸಿ) ಕಾರ್ಟ್ರಿಡ್ಜ್ ಕೊಡುವುದು 0.3 ಮಿಲಿವೋಲ್ಟ್. ಅದೇ ಪ್ರೀಆಂಪ್‌ನಲ್ಲಿ 30 ಮಿಲಿವೋಲ್ಟ್ ಮಾತ್ರ. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಪಿಸುದನಿ, ಅದರ ಜೊತೆಗೆ ಬೇಕಾದಷ್ಟು ಸುಯ್ ಸದ್ದು. ಅದಕ್ಕೆ 60ರಿಂದ 66 ಡೆಸಿಬೆಲ್ ಬೇಕು. ಚೀಟಿಯಲ್ಲಿ ಔಟ್‌ಪುಟ್‌ನ ಪಕ್ಕದಲ್ಲಿ, ಅದನ್ನು ಅಳೆದಾಗಿನ ಗೆರೆಯ ವೇಗ ಸೆಕೆಂಡಿಗೆ 5 ಸೆಂಟಿಮೀಟರ್ ಎಂದು ಇದೆಯೇ ನೋಡಿ. 3.54 ಎಂದಿದ್ದರೆ ಕೊಟ್ಟ ಅಂಕಿಯನ್ನು 1.41ರಿಂದ ಗುಣಿಸಿದ ಮೇಲೆಯೇ ಬೇರೆ ಕಾರ್ಟ್ರಿಡ್ಜ್‌ಗಳ ಜೊತೆ ಹೋಲಿಸಿ.

ಸಿಡಿ ಪ್ಲೇಯರ್ 2 ವೋಲ್ಟ್ ಕೊಡುವುದರಿಂದ ಅದೇ ವಾಲ್ಯೂಮ್‌ನಲ್ಲಿ ರೆಕಾರ್ಡ್ ಸ್ವಲ್ಪ ಮೆತ್ತಗೆ ಕೇಳುವುದು ಸಹಜ. ಅದನ್ನು ದೋಷವೆಂದು ತಿಳಿದು ಗೇನ್ ಹೆಚ್ಚಿಸುತ್ತಾ ಹೋಗುವವರು ತುಂಬ ಜನ. ಹೆಚ್ಚು ಗೇನ್‌ನ ತೊಂದರೆ ಜೋರು ಹಾಡಿನಲ್ಲಿ ಹೊರಬೀಳುತ್ತದೆ. ಜೋರಾಗಿ ಕೊರೆದ ರೆಕಾರ್ಡ್‌ನಲ್ಲಿ ಗೆರೆಯ ವೇಗ ಸೆಕೆಂಡಿಗೆ 25 ಸೆಂಟಿಮೀಟರ್ ಮುಟ್ಟಬಹುದು, ಅಂದರೆ ಚೀಟಿಯಲ್ಲಿರುವ ಔಟ್‌ಪುಟ್‌ನ ಐದು ಪಟ್ಟು. 2ಎಂ ರೆಡ್‌ಗೆ 48 ಡೆಸಿಬೆಲ್ ಇಟ್ಟರೆ ಸಾಧಾರಣ ಮಟ್ಟವೇ ಸುಮಾರು 1.4 ವೋಲ್ಟ್, ಜೋರು ಕಡೆ 7 ವೋಲ್ಟ್ ಹತ್ತಿರ. ಪ್ರೀಆಂಪ್ ಅದನ್ನು ತಡೆದುಕೊಂಡರೂ ಮುಂದಿನ ಆಂಪ್ಲಿಫೈಯರ್‌ನ ಇನ್‌ಪುಟ್ ತಡೆಯದಿರಬಹುದು. ಅಷ್ಟೇ ಅಲ್ಲ, ವಾಲ್ಯೂಮ್ ಗುಂಡಿ ಸದಾ ತಳದಲ್ಲೇ ಇರಬೇಕಾಗುತ್ತದೆ. ಆ ಜಾಗದಲ್ಲಿ ಸಾಮಾನ್ಯ ಪೊಟೆನ್ಶಿಯೋಮೀಟರ್‌ನ ಎಡ ಬಲ ಚಾನೆಲ್‌ಗಳು ಸಮನಾಗಿರುವುದಿಲ್ಲ, ಗಾಯಕರು ಒಂದು ಬದಿಗೆ ಸರಿದಂತೆ ಕೇಳುತ್ತದೆ.

ಅಗ್ಗದ ಪ್ರೀಆಂಪ್‌ಗಳು ಎಡವುವುದು ಹೆಚ್ಚಾಗಿ ಹೆಡ್‌ರೂಂನಲ್ಲಿ, ಅಂದರೆ ದನಿ ಒಡೆಯದೆ ಎಷ್ಟು ಜೋರಿನ ಸಿಗ್ನಲ್ ತಡೆಯುತ್ತದೆ ಎಂಬುದರಲ್ಲಿ. 12 ವೋಲ್ಟ್ ಡಿಸಿ ಅಡಾಪ್ಟರನ್ನೇ ನೇರವಾಗಿ ಬಳಸುವ ಸರ್ಕ್ಯೂಟ್‌ನಲ್ಲಿ ಆಪ್-ಆಂಪ್‌ಗೆ ಸಿಗುವುದು ಆಚೆಗೆ 6, ಈಚೆಗೆ 6 ವೋಲ್ಟ್. ಅದರಲ್ಲಿ ಹೊರಬರುವುದು ಹೆಚ್ಚೆಂದರೆ ಮೂರೂವರೆ ವೋಲ್ಟ್ ಆರ್‌ಎಂಎಸ್. 40 ಡೆಸಿಬೆಲ್ ಗೇನ್ ಇದ್ದರೆ ಇನ್‌ಪುಟ್‌ನ ಮಿತಿ 35 ಮಿಲಿವೋಲ್ಟ್. 2ಎಂ ರೆಡ್‌ನ ಐದು ಪಟ್ಟು 27.5. ಹಾಡು ಹೇಗೋ ದಾಟಿಕೊಂಡರೂ ರೆಕಾರ್ಡ್ ಮೇಲಿನ ಗೀರಿನ ಚಟ್ ಎನ್ನುವ ಸದ್ದು ದಾಟುವುದಿಲ್ಲ. ಅಲ್ಲಿ ಪ್ರೀಆಂಪ್ ಕ್ಲಿಪ್ ಆಗಿ (ಮಿತಿ ಮೀರಿದ ಸಿಗ್ನಲ್‌ನ ತುದಿ ಕತ್ತರಿಸಿಹೋಗಿ), ಚೇತರಿಸಿಕೊಳ್ಳಲು ಸಮಯ ತೆಗೆದುಕೊಂಡು, ಸಣ್ಣ ಗೀರನ್ನೂ ದೊಡ್ಡದು ಮಾಡಿ ಕೇಳಿಸುತ್ತದೆ. ಪ್ಲಸ್ 15, ಮೈನಸ್ 15 ವೋಲ್ಟ್ ಸಪ್ಲೈ ಇರುವ ಪ್ರೀಆಂಪ್ ಅದೇ ಗೇನ್‌ನಲ್ಲಿ 90ರಿಂದ 100 ಮಿಲಿವೋಲ್ಟ್ ತಡೆಯುತ್ತದೆ. ಗೀರು ಬಿದ್ದ ಹಳೆಯ ಎಲ್‌ಪಿ, ಇಪಿಗಳೇ ಹೆಚ್ಚಿರುವ ಮನೆಗಳಲ್ಲಿ, ಅಂದರೆ ಸೆಕೆಂಡ್‌ಹ್ಯಾಂಡ್ ರೆಕಾರ್ಡ್ ಕೊಳ್ಳುವ ನಮ್ಮಂಥವರ ಮನೆಗಳಲ್ಲಿ, ಈ ಒಂದು ವ್ಯತ್ಯಾಸ ಕಿವಿಗೆ ನೇರವಾಗಿ ಗೊತ್ತಾಗುತ್ತದೆ. ಸ್ಪೆಸಿಫಿಕೇಶನ್‌ನಲ್ಲಿ ಇನ್‌ಪುಟ್ ಓವರ್‌ಲೋಡ್ ಎಂಬ ಸಾಲು ಹುಡುಕಿ. ಎಂಎಂಗೆ 50 ಮಿಲಿವೋಲ್ಟ್‌ಗಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ.

ಮುಂದೆ ಕಾರ್ಟ್ರಿಡ್ಜ್ ಬದಲಿಸುವ ಯೋಚನೆ ಇದ್ದವರು ಗೇನ್ ಬದಲಿಸಬಹುದಾದ ಪ್ರೀಆಂಪ್ ತೆಗೆದುಕೊಳ್ಳುವುದು ಲೇಸು. ಐಫೈ ಜೆನ್ ಫೋನೋದಲ್ಲಿ 36, 48, 60, 72 ಎಂಬ ನಾಲ್ಕು ಹಂತಗಳಿವೆ. 2ಎಂ ರೆಡ್‌ಗೆ 36, ಡೆನಾನ್ ಡಿಎಲ್-110ರ 1.6 ಮಿಲಿವೋಲ್ಟ್‌ಗೆ 48, ಡಿಎಲ್-103ಕ್ಕೆ 60 ಸರಿಯಾಗಿ ಕೂರುತ್ತವೆ. ಶಿಟ್ ಮಾನಿ 2ರಲ್ಲಿ 33, 42, 48, 60. ಕೇಂಬ್ರಿಜ್ ಆಡಿಯೋದ ಆಲ್ವಾ ಡುವೋದಲ್ಲಿ ಎಂಎಂಗೆ 39, ಎಂಸಿಗೆ 60, ನಡುವೆ ಏನೂ ಇಲ್ಲ. ಡಿಎಲ್-110 ಇರುವವರಿಗೆ ಅದು ಇಕ್ಕಟ್ಟು. ಎಂಎಂ ಬಿಟ್ಟು ಬೇರೆಡೆ ಹೋಗುವುದೇ ಇಲ್ಲ ಎನ್ನುವವರು ಎಂಸಿ ಸೌಲಭ್ಯಕ್ಕೆ ಹೆಚ್ಚಿಗೆ ಕೊಡಬೇಕಾಗಿಲ್ಲ. ಅದೇ ಬೆಲೆಗೆ ಸಿಗುವ ಬರೀ ಎಂಎಂ ಪ್ರೀಆಂಪ್‌ನಲ್ಲಿ ಪವರ್ ಸಪ್ಲೈ ಉತ್ತಮವಾಗಿರುವ ಸಾಧ್ಯತೆ ಹೆಚ್ಚು.

ಯಾರೂ ನೋಡದ ಪಿಕೋಫ್ಯಾರಡ್

ಎಂಎಂ ಕಾರ್ಟ್ರಿಡ್ಜ್‌ಗಳಿಗೆ 47 ಕಿಲೋ ಓಮ್ ಲೋಡ್ ಬೇಕು, ಅದು ಎಲ್ಲ ಪ್ರೀಆಂಪ್‌ನಲ್ಲೂ ಇರುತ್ತದೆ, ಅದರ ಚಿಂತೆ ಬೇಡ. ಚಿಂತೆ ಮಾಡಬೇಕಾದ್ದು ಕೆಪ್ಯಾಸಿಟೆನ್ಸ್ ಬಗ್ಗೆ. ಕಾರ್ಟ್ರಿಡ್ಜ್‌ನ ಸುರುಳಿಯ ಇಂಡಕ್ಟೆನ್ಸ್ ಮತ್ತು ಕೇಬಲ್, ಪ್ರೀಆಂಪ್ ಎರಡರ ಒಟ್ಟು ಕೆಪ್ಯಾಸಿಟೆನ್ಸ್ ಸೇರಿ ಒಂದು ಅನುರಣನ ಹುಟ್ಟುತ್ತದೆ, ಅಂದರೆ ಒಂದು ಕಡೆಯ ಸ್ವರಗಳು ಮಾತ್ರ ಎದ್ದು ಕೇಳುತ್ತವೆ. ಅದು ಕಿವಿಗೆ ಸುಲಭವಾಗಿ ಸಿಗುವ ಜಾಗಕ್ಕೆ ಇಳಿದುಬಂದರೆ ದನಿಯೇ ಬದಲಾಗುತ್ತದೆ.

ಒಂದು ಉದಾಹರಣೆಯನ್ನೇ ಪೂರ್ತಿ ಮಾಡಿ ನೋಡೋಣ. ಆಡಿಯೋ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಡ್ಜ್‌ಗೆ ಕಂಪನಿ ಹೇಳುವ ಲೋಡ್ 100ರಿಂದ 200 ಪಿಕೋಫ್ಯಾರಡ್, ಸುರುಳಿಯ ಇಂಡಕ್ಟೆನ್ಸ್ 550 ಮಿಲಿಹೆನ್ರಿ. ಆರ್ಮ್ ಒಳಗಿನ ತಂತಿಗೆ 20 ಪಿಕೋಫ್ಯಾರಡ್ ಹಿಡಿಯಿರಿ. ಒಂದು ಮೀಟರ್ ಸಾಮಾನ್ಯ ಆರ್‌ಸಿಎ ಕೇಬಲ್‌ಗೆ 100. ಪ್ರೀಆಂಪ್‌ನ ಇನ್‌ಪುಟ್‌ನಲ್ಲಿ 220 ಇದೆ ಎಂದುಕೊಳ್ಳಿ. ಒಟ್ಟು 340. ಅನುರಣನ ಬರುವುದು ಸುಮಾರು 11,600 ಹರ್ಟ್ಸ್‌ನಲ್ಲಿ. ಹಾಡಿನಲ್ಲಿ ಸ, ಶ ಬಂದಾಗಲೆಲ್ಲ ಚುಚ್ಚುತ್ತದೆ, ಪಿಟೀಲಿನ ಬಿಲ್ಲು ಕೊರೆದಂತೆ ಕೇಳುತ್ತದೆ, ಅದರ ಮೇಲಿನ ಸ್ವರಗಳು ಥಟ್ಟನೆ ಬಿದ್ದುಹೋಗುತ್ತವೆ. ಜನ ಆಗ ಸ್ಟೈಲಸ್ (ಸೂಜಿ) ಸವೆದಿದೆ ಎಂದು ಹೊಸದನ್ನು ತರಿಸುತ್ತಾರೆ. ಅದೇ ಜಾಗದಲ್ಲಿ 50 ಪಿಕೋಫ್ಯಾರಡ್‌ನ ಪ್ರೀಆಂಪ್, ಮೀಟರಿಗೆ 60ರ ಕೇಬಲ್ ಹಾಕಿದರೆ ಒಟ್ಟು 130, ಅನುರಣನ 18,000 ಹರ್ಟ್ಸ್ ದಾಟುತ್ತದೆ. ಕಾರ್ಟ್ರಿಡ್ಜ್ ಅದೇ, ರೆಕಾರ್ಡ್ ಅದೇ, ಚುಚ್ಚುವಿಕೆ ಮಾತ್ರ ಇಲ್ಲ.

ಆರ್ಟೋಫೋನ್ 2ಎಂ ರೆಡ್ ಕೇಳುವುದು 150ರಿಂದ 300. ಹಳೆಯ ಶೂರ್ ಎಂ97ಎಕ್ಸ್‌ಇ ಕೇಳುವುದು 200ರಿಂದ 300. ಅದಕ್ಕೆ ಮೇಲಿನ 130 ತೀರಾ ಕಡಿಮೆಯಾಗಿ ದನಿ ಮಂಕಾಗುತ್ತದೆ. ಹಾಗಾಗಿ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬ ನಿಯಮವಿಲ್ಲ. ಆದರೆ ಪ್ರೀಆಂಪ್‌ನಲ್ಲಿ ಕಡಿಮೆ ಇದ್ದರೆ ಸೇರಿಸಿಕೊಳ್ಳಬಹುದು, ಹೆಚ್ಚಿದ್ದರೆ ತೆಗೆಯಲು ಡಬ್ಬಿ ಬಿಚ್ಚಿ ಬೆಸುಗೆ ಕೆಲಸ ಮಾಡಬೇಕು. ಆದ್ದರಿಂದ ಕೊಳ್ಳುವಾಗ 100 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಆರಿಸಿ, ಇಲ್ಲವೇ ಸ್ವಿಚ್‌ನಿಂದ ಬದಲಿಸುವಂಥದ್ದನ್ನು. ಸೇರಿಸಬೇಕಾದರೆ ಆರ್‌ಸಿಎ ವೈ-ಕನೆಕ್ಟರ್‌ನ ಒಂದು ಕವಲಿಗೆ, ಪಿನ್ ಮತ್ತು ಹೊರಕವಚದ ನಡುವೆ 100 ಪಿಕೋಫ್ಯಾರಡ್‌ನ ಎನ್‌ಪಿ0 ಸೆರಾಮಿಕ್ ಅಥವಾ ಪಾಲಿಸ್ಟೈರೀನ್ ಕೆಪ್ಯಾಸಿಟರ್ ಬೆಸೆದ ಪ್ಲಗ್ ಚುಚ್ಚಿದರೆ ಆಯಿತು. ಎರಡೂ ಚಾನೆಲ್‌ಗೆ ಒಂದೇ ಮೌಲ್ಯದ್ದು ಇರಲಿ.

ಕೇಬಲ್‌ನ ಕೆಪ್ಯಾಸಿಟೆನ್ಸ್ ಮನೆಯಲ್ಲೇ ಅಳೆಯಬಹುದು. ಎರಡೂ ತುದಿ ಬಿಚ್ಚಿ, ಮಲ್ಟಿಮೀಟರನ್ನು ಕೆಪ್ಯಾಸಿಟೆನ್ಸ್‌ಗೆ ತಿರುಗಿಸಿ, ಮೊದಲು ಏನೂ ಮುಟ್ಟಿಸದೆ ಪ್ರೋಬ್‌ಗಳದ್ದೇ ಎಷ್ಟು ತೋರಿಸುತ್ತದೆ ಎಂದು ಬರೆದುಕೊಳ್ಳಿ. ಆಮೇಲೆ ನಡುವಿನ ಪಿನ್ ಮತ್ತು ಹೊರಕವಚಕ್ಕೆ ಮುಟ್ಟಿಸಿ, ಮೊದಲಿನದನ್ನು ಕಳೆಯಿರಿ. 0.10 ನ್ಯಾನೋಫ್ಯಾರಡ್ ಅಂದರೆ 100 ಪಿಕೋಫ್ಯಾರಡ್. ಟರ್ನ್‌ಟೇಬಲ್‌ಗೇ ಅಂಟಿದ ಕೇಬಲ್ ಆದರೆ ಕಾರ್ಟ್ರಿಡ್ಜ್ ಬಿಚ್ಚಿದ ಮೇಲೆ ಅಳೆಯಬೇಕು, ಸುರುಳಿ ಜೋಡಣೆಯಲ್ಲಿದ್ದರೆ ಮೀಟರ್ ತಪ್ಪು ತೋರಿಸುತ್ತದೆ. ಕೇಬಲ್ ಉದ್ದವಾಗಬೇಕಾದ ಅನಿವಾರ್ಯ ಇದ್ದರೆ ಪ್ರೀಆಂಪ್‌ನಿಂದ ಆಂಪ್ಲಿಫೈಯರ್‌ವರೆಗಿನದು ಉದ್ದವಾಗಲಿ. ಟರ್ನ್‌ಟೇಬಲ್‌ನಿಂದ ಪ್ರೀಆಂಪ್‌ವರೆಗಿನದು ಒಂದು ಮೀಟರ್ ಮೀರದಿರಲಿ.

ಎಂಸಿ ಕಾರ್ಟ್ರಿಡ್ಜ್‌ಗೆ ಈ ಲೆಕ್ಕ ಬೇಡ, ಸುರುಳಿ ಚಿಕ್ಕದು. ಅಲ್ಲಿ ನೋಡಬೇಕಾದ್ದು ಓಮ್. ಸುರುಳಿಯ ಇಂಪೀಡೆನ್ಸ್‌ನ ಹತ್ತು ಪಟ್ಟು ಲೋಡ್ ಕೊಡುವುದು ರೂಢಿ. ಡಿಎಲ್-103ರದ್ದು 40 ಓಮ್, ಹಾಗಾಗಿ 400ರ ಆಸುಪಾಸು. ಡೆನಾನ್ ಹೇಳುವ ಕನಿಷ್ಠ 100. ಒಳ್ಳೆಯ ಎಂಎಂ ಪ್ರೀಆಂಪ್ ಆಗಲೇ ಇದ್ದರೆ 1:10ರ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಸೇರಿಸಿಯೂ ಕೆಲಸ ಆಗುತ್ತದೆ: 0.3 ಮಿಲಿವೋಲ್ಟ್ 3 ಆಗುತ್ತದೆ, 47 ಕಿಲೋ ಓಮ್ ಕಾರ್ಟ್ರಿಡ್ಜ್‌ಗೆ 470 ಓಮ್ ಆಗಿ ಕಾಣುತ್ತದೆ. ಆದರೆ ಆ ಟ್ರಾನ್ಸ್‌ಫಾರ್ಮರ್ ಅಕ್ಕಪಕ್ಕದ ಹಮ್ (ಕರೆಂಟಿನಿಂದ ಬರುವ ಗುಂಯ್ ಸದ್ದು) ಹೀರುವುದರಲ್ಲಿ ಎತ್ತಿದ ಕೈ, ಇಡುವ ಜಾಗ ಹುಡುಕುವ ತಾಳ್ಮೆ ಬೇಕು.

ಕರೆಂಟು, ಅರ್ತ್, ಹಮ್

ಅಮೆರಿಕದಲ್ಲಿರುವ ನೆಂಟರ ಕೈಯಲ್ಲಿ ಪ್ರೀಆಂಪ್ ತರಿಸುವವರು ಅಡಾಪ್ಟರ್ ಮೇಲಿನ ಅಕ್ಷರ ಓದದೆ ಪ್ಲಗ್ ಚುಚ್ಚಬೇಡಿ. ಇನ್‌ಪುಟ್ 100ರಿಂದ 240 ವೋಲ್ಟ್ ಎಂದಿದ್ದರೆ ತೊಂದರೆ ಇಲ್ಲ. ಬರೀ 115 ಅಥವಾ 120 ಎಂದಿದ್ದರೆ ನಮ್ಮ 230 ವೋಲ್ಟ್‌ಗೆ ಸುಟ್ಟುಹೋಗುತ್ತದೆ. ಪಿನ್ ಬದಲಿಸುವ ಕನ್ವರ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ಔಟ್‌ಪುಟ್ ಎಸಿಯೋ ಡಿಸಿಯೋ ಎಂಬುದನ್ನೂ ನೋಡಿ. ಮಾನಿ ತರಹದ ಪ್ರೀಆಂಪ್‌ಗಳು 16 ವೋಲ್ಟ್ ಎಸಿ ತೆಗೆದುಕೊಂಡು ಒಳಗೆ ಪ್ಲಸ್, ಮೈನಸ್ ಎರಡನ್ನೂ ಮಾಡಿಕೊಳ್ಳುತ್ತವೆ. ಅದಕ್ಕೆ ಡಿಸಿ ಅಡಾಪ್ಟರ್ ಚುಚ್ಚಿದರೆ ಅರ್ಧ ಸರ್ಕ್ಯೂಟ್‌ಗೆ ಕರೆಂಟೇ ಇರುವುದಿಲ್ಲ.

ಹಮ್ ಬಂದಾಗ ಸಿಕ್ಕಿದ್ದನ್ನೆಲ್ಲ ಬದಲಿಸಬೇಡಿ, ಒಂದೊಂದಾಗಿ ಬಿಡಿಸಿ. ವಾಲ್ಯೂಮ್ ತಗ್ಗಿಸಿ, ಟರ್ನ್‌ಟೇಬಲ್‌ನ ಎರಡೂ ಆರ್‌ಸಿಎ ಪ್ಲಗ್‌ಗಳನ್ನು ಪ್ರೀಆಂಪ್‌ನಿಂದ ಕೀಳಿ. ಖಾಲಿ ಬಿಟ್ಟ ಇನ್‌ಪುಟ್ ತಾನೇ ಗದ್ದಲ ಮಾಡುವುದರಿಂದ ಅಲ್ಲಿಗೆ ಶಾರ್ಟಿಂಗ್ ಪ್ಲಗ್ ಬೇಕು: ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸಿಗುವ ಸಾದಾ ಆರ್‌ಸಿಎ ಪ್ಲಗ್ ಎರಡು ತಂದು, ಪಿನ್ ಮತ್ತು ಕವಚವನ್ನು ಒಂದು ತುಂಡು ತಂತಿಯಿಂದ ಸೇರಿಸಿ ಬೆಸೆದರೆ ಸಿದ್ಧ. ಈಗ ವಾಲ್ಯೂಮ್ ಏರಿಸಿ. ಹಮ್ ಇನ್ನೂ ಇದ್ದರೆ ತಪ್ಪು ಪ್ರೀಆಂಪ್, ಅದರ ಅಡಾಪ್ಟರ್ ಅಥವಾ ಮುಂದಿನ ಕೇಬಲ್‌ನದು. ಪ್ರೀಆಂಪನ್ನು ಆಂಪ್ಲಿಫೈಯರ್‌ನ ನೆತ್ತಿಯಿಂದ ಇಳಿಸಿ ಒಂದೂವರೆ ಅಡಿ ದೂರ ಇಡಿ. ಎಷ್ಟೋ ಕಡೆ ಹಮ್ ಅಲ್ಲಿಗೇ ಮುಗಿಯುತ್ತದೆ. ಟಿವಿ ಕೇಬಲ್, ಲ್ಯಾಪ್‌ಟಾಪ್ ಆಂಪ್ಲಿಫೈಯರ್‌ಗೆ ಜೋಡಿಸಿದ್ದರೆ ಅವನ್ನೂ ಒಂದೊಂದಾಗಿ ಕಿತ್ತು ಕೇಳಿ, ಅರ್ತ್ ಎರಡು ದಾರಿಯಲ್ಲಿ ಸೇರಿದಾಗ ಹಮ್ ಹುಟ್ಟುತ್ತದೆ.

ಶಾರ್ಟಿಂಗ್ ಪ್ಲಗ್ ಹಾಕಿದಾಗ ಸದ್ದು ನಿಂತರೆ ತಪ್ಪು ಟರ್ನ್‌ಟೇಬಲ್ ಕಡೆಯದು. ಗ್ರೌಂಡ್ ತಂತಿ ಪ್ರೀಆಂಪ್‌ನ ಗ್ರೌಂಡ್ ತಿರುಪಿಗೆ ಬಿಗಿಯಾಗಿದೆಯೇ ನೋಡಿ. ರೇಗಾ ಟರ್ನ್‌ಟೇಬಲ್‌ಗಳಿಗೆ ಪ್ರತ್ಯೇಕ ಗ್ರೌಂಡ್ ತಂತಿ ಇರುವುದಿಲ್ಲ, ಕಳೆದುಹೋಗಿದೆ ಎಂದು ಹುಡುಕಬೇಡಿ. ಹಮ್ ಒಂದೇ ಚಾನೆಲ್‌ನಲ್ಲಿದ್ದರೆ ಪ್ರೀಆಂಪ್ ಇನ್‌ಪುಟ್‌ನಲ್ಲಿ ಎಡ ಬಲ ಅದಲುಬದಲು ಮಾಡಿ. ಹಮ್ ಇನ್ನೊಂದು ಸ್ಪೀಕರ್‌ಗೆ ಹೋದರೆ ಕಾರ್ಟ್ರಿಡ್ಜ್ ಹಿಂದಿನ ನಾಲ್ಕು ಪಿನ್‌ಗಳಲ್ಲಿ ಯಾವುದೋ ಸಡಿಲ. ಬಿಳಿ ಎಡದ್ದು, ನೀಲಿ ಎಡದ ಗ್ರೌಂಡ್, ಕೆಂಪು ಬಲದ್ದು, ಹಸಿರು ಬಲದ ಗ್ರೌಂಡ್. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಈ ಪಿನ್‌ಗಳು ಕಪ್ಪಾಗುತ್ತವೆ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಸಾಕು. ಪ್ಲಾಟರ್ ಕಡೆ ಆರ್ಮ್ ಸರಿಸಿದಂತೆ ಹಮ್ ಹೆಚ್ಚಾದರೆ ಅದು ಮೋಟಾರಿನ ಕಾಂತಕ್ಷೇತ್ರ, ಪ್ರೀಆಂಪ್ ಬದಲಿಸಿ ಪ್ರಯೋಜನವಿಲ್ಲ.

ಕರೆಂಟು ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಝರ್ ಎನ್ನುವುದಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನ ಕಾಟ, ಸೈನ್ ವೇವ್ ಆದರೆ ಇರುವುದಿಲ್ಲ. ಲೈಟ್ ಡಿಮ್ಮರ್‌ನಿಂದಲೂ ಹಾಗೇ ಆಗಬಹುದು, ಆರಿಸಿ ನೋಡಿ. ಅರ್ತ್ ಇಲ್ಲದ ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಹಮ್ ನಿಲ್ಲಿಸಲೆಂದು ಆಂಪ್ಲಿಫೈಯರ್‌ನ ಅರ್ತ್ ಪಿನ್ ಕತ್ತರಿಸುವುದು ಜೀವಕ್ಕೇ ಅಪಾಯ. ಅದನ್ನು ಹೇಳಿಕೊಡುವವರ ಮಾತು ಕೇಳಬೇಡಿ.

ಉಳಿದ ಸೌಲಭ್ಯಗಳಲ್ಲಿ ಸಬ್‌ಸಾನಿಕ್ ಫಿಲ್ಟರ್, ಅಂದರೆ ಕಿವಿಗೆ ಕೇಳದಷ್ಟು ತಗ್ಗಿನ ಅಲೆಗಳನ್ನು ತಡೆಯುವುದು, ನಿಜಕ್ಕೂ ಉಪಯೋಗದ್ದು. ಡೊಂಕಾದ ರೆಕಾರ್ಡ್ ನಿಮಿಷಕ್ಕೆ ಮೂವತ್ತಮೂರೂಕಾಲಿಗಿಂತ ಸ್ವಲ್ಪ ಹೆಚ್ಚು ಸುತ್ತು ಸುತ್ತುವಾಗ 0.55 ಹರ್ಟ್ಸ್‌ನಿಂದ ಶುರುವಾಗುವ ಅಲೆ ಎಬ್ಬಿಸುತ್ತದೆ, ಆರ್ಮ್ ಮತ್ತು ಕಾರ್ಟ್ರಿಡ್ಜ್ ಅನುರಣನ 8ರಿಂದ 12 ಹರ್ಟ್ಸ್ ನಡುವೆ ಕೂರುತ್ತದೆ. ಇವೆರಡೂ ಕಿವಿಗೆ ಕೇಳದಿದ್ದರೂ ವೂಫರ್ ಮುಂದೆ ಹಿಂದೆ ಬಡಿದುಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಆರ್‌ಐಎಎ ಕರ್ವ್‌ಗೆ 1976ರ ಐಇಸಿ ತಿದ್ದುಪಡಿ ಸೇರಿಸಿದ ಮೆಲುವಾದ ಇಳಿಕೆ 10 ಹರ್ಟ್ಸ್‌ನಲ್ಲಿ ತೆಗೆಯುವುದು 7 ಡೆಸಿಬೆಲ್ ಮಾತ್ರ, ಸಾಲದು. ಆಕ್ಟೇವ್‌ಗೆ 12 ಅಥವಾ 18 ಡೆಸಿಬೆಲ್ ಇಳಿಯುವ ಫಿಲ್ಟರ್ ಇರಲಿ.

ಮೊನೋ ಇಪಿಗಳನ್ನು ಹೆಚ್ಚು ನುಡಿಸುವವರಿಗೆ ಮೊನೋ ಸ್ವಿಚ್ ಒಂದು ವರ. ಗೆರೆಯ ಮೇಲೆ ಕೆಳಗಿನ ಅಲುಗಾಟದಿಂದ ಬರುವ ಗರಗರ ಎಲ್ಲ ಅದರಲ್ಲಿ ರದ್ದಾಗುತ್ತದೆ. ಅದು ಇಲ್ಲವೆಂದು ಪ್ರೀಆಂಪ್‌ನ ಎರಡು ಔಟ್‌ಪುಟ್‌ಗಳನ್ನು ವೈ-ಕೇಬಲ್‌ನಿಂದ ಸೇರಿಸಬೇಡಿ, ಒಂದು ಇನ್ನೊಂದನ್ನು ಎಳೆದಾಡುತ್ತದೆ. ಆಂಪ್ಲಿಫೈಯರ್‌ನಲ್ಲಿ ಮೊನೋ ಗುಂಡಿ ಇದೆಯೇ ನೋಡಿ.

78 ಆರ್‌ಪಿಎಂ ರೆಕಾರ್ಡ್‌ಗಳಿಗೆ ಬೇರೆಯೇ ಸ್ಟೈಲಸ್ ಬೇಕು, ಸುಮಾರು 3 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು) ದಪ್ಪದ್ದು, ಎಲ್‌ಪಿಯದ್ದು 0.7 ಮಿಲ್. ಆರ್‌ಐಎಎಗಿಂತ ಮುಂಚಿನ ಎಚ್‌ಎಂವಿ 78ಗಳಲ್ಲಿ ಟ್ರೆಬಲ್ ಏರಿಸಿರುತ್ತಿರಲಿಲ್ಲ. ಈಗಿನ ಪ್ರೀಆಂಪ್ 10,000 ಹರ್ಟ್ಸ್‌ನಲ್ಲಿ 13.7 ಡೆಸಿಬೆಲ್ ಇಳಿಸಿಬಿಡುವುದರಿಂದ ಆ ದನಿ ಕಂಬಳಿ ಹೊದ್ದಂತೆ ಕೇಳುತ್ತದೆ. ಬದಲಿಸಬಹುದಾದ ಕರ್ವ್‌ಗಳಿರುವ ಪ್ರೀಆಂಪ್ ದುಬಾರಿ. ಹತ್ತಾರು 78 ಮಾತ್ರ ಇರುವವರು ಆಂಪ್ಲಿಫೈಯರ್‌ನ ಟ್ರೆಬಲ್ ಗುಂಡಿಯನ್ನು ಪೂರ್ತಿ ಏರಿಸಿ ಬೇಸನ್ನು ಸ್ವಲ್ಪ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ. ನೂರಾರು ಇದ್ದು ಡಿಜಿಟಲ್ ಮಾಡುವ ಯೋಚನೆ ಇದ್ದರೆ ಆರ್‌ಐಎಎ ಪ್ರೀಆಂಪ್‌ನಲ್ಲೇ ರೆಕಾರ್ಡ್ ಮಾಡಿಕೊಂಡು, ಆಡಾಸಿಟಿ ಎಂಬ ಸಾಫ್ಟ್‌ವೇರ್‌ನ ಫಿಲ್ಟರ್ ಕರ್ವ್‌ನಲ್ಲಿ ಮೊದಲು ಆರ್‌ಐಎಎಯನ್ನು ತಿರುಗಿಸಿ ತೆಗೆದು, ಆಮೇಲೆ ಆ ಕಾಲದ ಕರ್ವ್ ಹಾಕಿ. ಚಟಪಟ ಸದ್ದು ತೆಗೆಯುವ ಕೆಲಸ ಇವೆರಡರ ನಡುವೆ ಆಗಲಿ. ಟ್ರೆಬಲ್ ಇಳಿಸದೆ ಇರುವಾಗ ಗೀರಿನ ಮೊನೆ ಚೂಪಾಗಿರುತ್ತದೆ, ಸಾಫ್ಟ್‌ವೇರ್‌ಗೆ ಅದನ್ನು ಹಿಡಿಯುವುದು ಸುಲಭ.